ಬೇಡ ಅನ್ನಬಲ್ಲವರಿಗೆ ಒಂದು ಪತ್ರ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರ ಕನ್ನಡ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ಪತ್ರಲೇಖನ ಅನ್ನುವ ಭಾಗದಲ್ಲಿ ಹೆಚ್ಚುಕಡಿಮೆ ಇಂಥದೊಂದು ಪ್ರಶ್ನೆ ಸಿಗುತ್ತದೆ: ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ವಿದ್ಯಾರ್ಥಿನಿ ಎಂದು ಭಾವಿಸಿಕೊಂಡು, ಶೈಕ್ಷಣಿಕ ಪ್ರವಾಸಕ್ಕೆ ಅನುಮತಿ ಮತ್ತು ಹಣ ಕೋರಿ ನಿಮ್ಮ ತಂದೆಗೆ ಪತ್ರ ಬರೆಯಿರಿ. ಪಕ್ಕದಲ್ಲೇ ಉತ್ತರವೂ ಇರುತ್ತದೆ. ತೀರ್ಥರೂಪು ತಂದೆಯವರಿಗೆ ಮಗಳು ಮಾಡುವ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ, ನಮ್ಮ ಶಾಲೆಯಿಂದ ಬೇಲೂರು ಹಳೇಬೀಡಿಗೆ ಪ್ರವಾಸ ಏರ್ಪಡಿಸಿದ್ದಾರೆ, ಪ್ರವಾಸದಿಂದ ಜ್ಞಾನ ವೃದ್ಧಿಯಾಗುತ್ತದೆ, ಆದ್ದರಿಂದ ಹಣ ಕಳುಹಿಸಿಕೊಡಬೇಕಾಗಿ ವಿನಂತಿ, ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಎಡಗಡೆ ದಿನಾಂಕ, ಬಲಗಡೆ ‘ಇಂತಿ ನಿಮ್ಮ ಪ್ರೀತಿಯ ಮಗಳು’. ಎಲ್ಲ ಸರಿಯಾಗಿದ್ದರೆ ಪೂರ್ತಿ ಅಂಕ.

ಬರೆದ ಹುಡುಗಿಯ ಅಪ್ಪ ಅದೇ ಮನೆಯ ಜಗಲಿಯಲ್ಲಿ ಕೂತಿರುತ್ತಾನೆ. ಅವನಿಗೆ ಈ ಪತ್ರ ಎಂದೂ ತಲುಪುವುದಿಲ್ಲ. ತಲುಪಿದರೂ ಅವನು ಒಂದು ಪೈಸೆ ಬಿಚ್ಚುವುದಿಲ್ಲ ಅಂತ ಆ ಹುಡುಗಿಗೆ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತಾಳೆ, ಏಕೆಂದರೆ ಓದುವವರು ಅಪ್ಪ ಅಲ್ಲ, ಮೌಲ್ಯಮಾಪಕರು.

ಇವತ್ತು ನಾನು ಮಾತಾಡಬೇಕೆಂದಿರುವುದು ಮಕ್ಕಳಿಗೆ ಮನವೊಲಿಸುವ ಹಾಗೆ ಬರೆಯಲು ಕಲಿಸುವುದು ಹೇಗೆ ಅನ್ನುವುದರ ಬಗ್ಗೆ. ಮಲೆನಾಡಿನ ಹೈಸ್ಕೂಲೊಂದರಲ್ಲಿ ಬಹುಕಾಲ ಕನ್ನಡ ಮೇಷ್ಟ್ರಾಗಿದ್ದವನ ಅಭಿಪ್ರಾಯ ಇದು, ಶಿಕ್ಷಣತಜ್ಞನದಲ್ಲ. ‘ಬೇಡ’ ಅನ್ನುವ ಅಧಿಕಾರ ಇರುವ ಒಬ್ಬ ಮನುಷ್ಯ ಎದುರಿಗಿಲ್ಲದೆ ಯಾವ ಮಗುವೂ ಮನವೊಲಿಸಿ ಬರೆಯಲು ಕಲಿಯುವುದಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ನಮ್ಮ ಶಾಲೆಗಳಲ್ಲಿ ಬರೆಸುವ ಬಹುಪಾಲು ಬರಹಕ್ಕೆ ಅಂಥ ಓದುಗನೇ ಇಲ್ಲ.

ಪ್ರಬಂಧದ ವಿಷಯಗಳನ್ನೇ ನೋಡಿ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳ ಮಹತ್ವ, ಪರಿಸರ ಸಂರಕ್ಷಣೆ, ಸ್ವಚ್ಛತೆ. ಗ್ರಂಥಾಲಯ ಬೇಡ ಅಂತ ವಾದಿಸುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಎಲ್ಲರೂ ಒಪ್ಪಿಕೊಂಡಿರುವುದನ್ನು ಇನ್ನೊಮ್ಮೆ ಒಪ್ಪಿಸುವುದಕ್ಕೆ ಒಂದು ಪೀಠಿಕೆ, ಒಂದು ವಿಷಯ ವಿವರಣೆ, ಒಂದು ಉಪಸಂಹಾರ. ಚರ್ಚಾಸ್ಪರ್ಧೆಯಲ್ಲಾದರೂ ಎರಡು ಪಕ್ಷ ಇರುತ್ತವಲ್ಲ ಅಂದರೆ, ಅಲ್ಲಿಯ ಕಥೆ ಇನ್ನೂ ತಮಾಷೆ. ಪ್ರತಿಭಾ ಕಾರಂಜಿಯ ವೇದಿಕೆಗೆ ಒಬ್ಬ ಹುಡುಗ ಬರುತ್ತಾನೆ. ನ್ಯಾಯನಿಷ್ಠ ನಿರ್ಣಾಯಕರೇ, ಸಮಯಪಾಲಕರೇ ಅಂತ ಶುರು ಮಾಡಿ, ಮನೆಯಲ್ಲಿ ಯಾರೋ ಬರೆದುಕೊಟ್ಟದ್ದನ್ನು ಕೈ ಎಲ್ಲಿ ಎತ್ತಬೇಕು, ಧ್ವನಿ ಎಲ್ಲಿ ಏರಿಸಬೇಕು ಅನ್ನುವುದರ ಸಮೇತ ಒಪ್ಪಿಸುತ್ತಾನೆ. ಅವನ ಹಿಂದೆ ಬಂದ ಹುಡುಗಿ ವಿರೋಧ ಪಕ್ಷ. ಅವಳೂ ಉರು ಹೊಡೆದದ್ದನ್ನು ಒಪ್ಪಿಸುತ್ತಾಳೆ. ಇವನು ಹೇಳಿದ್ದಕ್ಕೂ ಅವಳು ಹೇಳಿದ್ದಕ್ಕೂ ಎಲ್ಲಿಯೂ ಮುಖಾಮುಖಿ ಆಗುವುದಿಲ್ಲ. ಚಪ್ಪಾಳೆ ಮಾತ್ರ ಇಬ್ಬರಿಗೂ ಬೀಳುತ್ತದೆ.

ಆ ಪ್ರವಾಸದ ಪತ್ರಕ್ಕೆ ಮತ್ತೆ ಬರುತ್ತೇನೆ. ಒಂದು ವರ್ಷ ಒಂಬತ್ತನೇ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದೆ. ಭಾವಿಸಿಕೊಳ್ಳುವುದು ಗೀವಿಸಿಕೊಳ್ಳುವುದು ಬೇಡ, ಡಿಸೆಂಬರಿನಲ್ಲಿ ನಿಜವಾಗಿಯೂ ಪ್ರವಾಸ ಇದೆ, ನಿಮ್ಮ ನಿಮ್ಮ ಅಪ್ಪನಿಗೋ ಅಮ್ಮನಿಗೋ ನಿಜವಾಗಿಯೂ ಬರೆಯಿರಿ, ಬರೆದು ಕೈಗೆ ಕೊಡಿ ಅಂದೆ. ತರಗತಿಯಲ್ಲಿ ನಗು. ಆಮೇಲೆ ಮೌನ. ಆಮೇಲೆ ಒಬ್ಬಳು, ‘ಸಾರ್, ಅಪ್ಪ ಬೇಡ ಅಂತಾರೆ’ ಅಂದಳು. ಯಾಕೆ ಬೇಡ ಅಂತಾರೆ, ಅದನ್ನು ಹೇಳು ಅಂದೆ.

ಆ ಪೀರಿಯಡ್ಡಿನಲ್ಲಿ ಕಪ್ಪುಹಲಗೆ ತುಂಬಿಹೋಯಿತು. ದುಡ್ಡಿಲ್ಲ. ದುಡ್ಡಿದೆ, ಆದರೆ ಅಕ್ಕನ ಹಾಸ್ಟೆಲ್ ಫೀಸಿಗೆ ಇಟ್ಟಿದ್ದಾರೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಕಾಲ, ಸುಲಿಯುವುದಕ್ಕೆ ಕೈ ಬೇಕು. ಹೆಣ್ಣುಮಕ್ಕಳು ರಾತ್ರಿ ಹೊರಗೆ ಉಳಿಯಬಾರದು. ಹೋದ ಸಲ ಅಣ್ಣ ಹೋಗಿ ಜ್ವರ ಹಿಡಿಸಿಕೊಂಡು ಬಂದಿದ್ದ. ಬಸ್ಸಿನಲ್ಲಿ ವಾಂತಿ ಮಾಡುತ್ತಾಳೆ. ಹಳೇಬೀಡು ನೋಡಿದರೆ ಹೊಟ್ಟೆ ತುಂಬುತ್ತಾ? ಒಬ್ಬ ಹುಡುಗ ಎದ್ದು ನಿಂತು, ನಮ್ಮಪ್ಪ ಕಾರಣವನ್ನೇ ಹೇಳಲ್ಲ ಸಾರ್, ಬೇಡ ಅಂದರೆ ಬೇಡ ಅಂತಾನೆ, ಅಂದ. ಪಠ್ಯಪುಸ್ತಕದ ಪತ್ರದಲ್ಲಿ ಇವುಗಳಲ್ಲಿ ಒಂದಕ್ಕಾದರೂ ಉತ್ತರ ಇದೆಯೇ ಅಂತ ಕೇಳಿದೆ. ‘ಜ್ಞಾನ ವೃದ್ಧಿಯಾಗುತ್ತದೆ’ ಅಂತ ಇದೆ ಅಂದರು, ಮತ್ತೆ ನಕ್ಕರು.

ಅಪ್ಪ ಬೇಡ ಅಂತಾರೆ ಅಂದಿದ್ದ ಹುಡುಗಿ ಮೊದಲನೇ ಕರಡಿನಲ್ಲಿ ಬರೆದದ್ದು ಬರೀ ಗೋಗರೆತ: ಎಲ್ಲರೂ ಹೋಗುತ್ತಿದ್ದಾರೆ, ನಾನೊಬ್ಬಳೇ ಹೋಗದಿದ್ದರೆ ನನಗೆ ಬೇಜಾರಾಗುತ್ತದೆ, ಪ್ಲೀಸ್ ಅಪ್ಪ. ಅದು ಸುಳ್ಳಲ್ಲ, ಆದರೆ ಅದರಲ್ಲಿ ಅಪ್ಪನ ಚಿಂತೆ ಒಂದೂ ಇಲ್ಲ, ಇರುವುದೆಲ್ಲ ಇವಳ ಆಸೆಯೇ. ಎರಡನೇ ಕರಡು ಬರೆಯುವ ಮೊದಲು ಅವಳು ಕೆಲವು ವಿಚಾರ ತಿಳಿದುಕೊಂಡು ಬಂದಳು. ಅಡಿಕೆ ಕೊನೆ ಕೊಯ್ಯುವವನು ಅವರ ತೋಟಕ್ಕೆ ಬರುವುದು ಯಾವ ವಾರ ಅಂತ ಅಜ್ಜಿಯನ್ನು ಕೇಳಿದಳು. ಪ್ರವಾಸಕ್ಕೆ ಬರುವ ಟೀಚರುಗಳು ಯಾರ್ಯಾರು, ರಾತ್ರಿ ಉಳಿಯುವುದೆಲ್ಲಿ ಅಂತ ನನ್ನನ್ನೇ ಕೇಳಿದಳು. ನನಗೂ ಗೊತ್ತಿರಲಿಲ್ಲ, ಹೋಗಿ ವಿಚಾರಿಸಿಕೊಂಡು ಬಂದೆ. ಆಮೇಲೆ ಅವಳು ಬರೆದ ಪತ್ರದ ತಿರುಳು ಹೀಗಿತ್ತು: ಅಪ್ಪ, ಈ ವರ್ಷ ದರ ಇಳಿದಿದೆ, ದುಡ್ಡು ಕಷ್ಟ ಅಂತ ನನಗೆ ಗೊತ್ತು. ನಮ್ಮ ತೋಟದ ಕೊಯ್ಲು ಪ್ರವಾಸ ಮುಗಿದ ಮೇಲಿನ ವಾರ. ನಾನು ಭಾನುವಾರ ರಾತ್ರಿ ವಾಪಸ್ ಬರುತ್ತೇನೆ, ಸೋಮವಾರ ಸಂಜೆಯಿಂದ ಸುಲಿಯಲು ಕೂರುತ್ತೇನೆ. ಮೂರು ಜನ ಲೇಡಿ ಟೀಚರು ಬರುತ್ತಾರೆ, ಉಳಿಯುವುದು ಇಂಥ ಕಡೆ. ಹಣ ಎರಡು ಕಂತಿನಲ್ಲಿ ಕೊಡಬಹುದಂತೆ. ನಿಮಗೆ ಬೇಡ ಅನ್ನಿಸಿದರೆ ಯಾಕೆ ಅಂತ ಇದರ ಹಿಂದೆ ಬರೆಯಿರಿ.

‘ಜ್ಞಾನ ವೃದ್ಧಿ’ ಎಲ್ಲಿಯೂ ಇರಲಿಲ್ಲ. ವಿಶೇಷಣವೂ ಇರಲಿಲ್ಲ. ಅಪ್ಪ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಕೇಳಿಸಿಕೊಂಡು ಬರೆದ ಹಾಗಿತ್ತು. ಆ ವರ್ಷ ಕೆಲವರಿಗೆ ಒಪ್ಪಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. ಒಬ್ಬ ಹುಡುಗನ ತಂದೆ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ, ನೀನು ಬರೆದದ್ದೆಲ್ಲ ಸರಿ ಇದೆ, ಈ ವರ್ಷ ಮಾತ್ರ ಆಗುವುದಿಲ್ಲ, ಸೊಸೈಟಿ ಸಾಲದ ಕಂತಿದೆ ಅಂತ ಬರೆದು ಕಳಿಸಿದ್ದರು. ಅಪ್ಪ ಇಷ್ಟುದ್ದ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ ಅಂತ ಆ ಹುಡುಗ ಅದನ್ನು ಎಲ್ಲರಿಗೂ ತೋರಿಸುತ್ತಿದ್ದ. ಪ್ರವಾಸ ತಪ್ಪಿದ ಬೇಜಾರು ಅವನಿಗೆ ಇರಲಿಲ್ಲವೆಂದಲ್ಲ. ಆದರೆ ಮನೆಯ ಲೆಕ್ಕಾಚಾರದಲ್ಲಿ ಮೊದಲ ಸಲ ಅವನನ್ನು ಒಬ್ಬ ಆಳು ಅಂತ ಎಣಿಸಿದ್ದರು.

ಮಕ್ಕಳಿಗೆ ಕಾರಣ ಕೊಡಲು ಬರುವುದಿಲ್ಲ ಅನ್ನುವ ದೂರು ಶಿಕ್ಷಕರ ಕೊಠಡಿಯಲ್ಲಿ ಬಹಳ ಕೇಳಿಬರುತ್ತದೆ. ನನಗೇನೋ ಕಾರಣ ಕೊಡುವುದು ಅವರಿಗೆ ಬರುತ್ತದೆ, ಆ ಕಾರಣವನ್ನು ಊರಿಗೆ ತಂದು ಇಳಿಸುವುದು ಬರುವುದಿಲ್ಲ ಅನ್ನಿಸುತ್ತದೆ. ಇದಕ್ಕೆ ನಮ್ಮ ನ್ಯಾಯಶಾಸ್ತ್ರದಲ್ಲಿ ಒಂದು ಒಳ್ಳೆಯ ಸಲಕರಣೆ ಇದೆ. ಗೌತಮನ ನ್ಯಾಯಸೂತ್ರಗಳ ಪ್ರಕಾರ ಇನ್ನೊಬ್ಬರಿಗೆ ಒಂದು ಮಾತನ್ನು ಒಪ್ಪಿಸಬೇಕಾದರೆ ಐದು ಅವಯವ ಬೇಕು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹಳೆಯ ಉದಾಹರಣೆ ನಿಮಗೆ ಗೊತ್ತಿರಬಹುದು. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆಂದರೆ ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿಲ್ಲವೇ. ಈ ಬೆಟ್ಟದ ಮೇಲೂ ಅಂಥದೇ ಹೊಗೆ ಏಳುತ್ತಿದೆ. ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ. ಇದರಲ್ಲಿ ನಾಲ್ಕನೆಯದಾದ ಉಪನಯವನ್ನು ನಮ್ಮ ಮಕ್ಕಳು ತಪ್ಪದೇ ಬಿಟ್ಟುಬಿಡುತ್ತಾರೆ. ಮಕ್ಕಳೇನು, ನಮ್ಮ ಭಾಷಣಕಾರರೂ ಬಿಟ್ಟುಬಿಡುತ್ತಾರೆ.

ಗ್ರಂಥಾಲಯದ ಪ್ರಬಂಧವನ್ನೇ ತಗೊಳ್ಳಿ. ಗ್ರಂಥಾಲಯ ಜ್ಞಾನದ ಭಂಡಾರ ಅಂತ ಎರಡು ಪುಟ ಬರೆಯುತ್ತಾರೆ. ನಮ್ಮ ಪಂಚಾಯಿತಿಯ ಗ್ರಂಥಾಲಯ ಅನ್ನುವ ಮಾತು ಆ ಎರಡು ಪುಟದಲ್ಲಿ ಎಲ್ಲಿಯೂ ಬರುವುದಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಈಗ ಅವುಗಳನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ಅಂದರೆ ಪ್ರಬಂಧ ಬರೆಯುವ ಹುಡುಗಿಯ ಕೈಯಲ್ಲಿ ಕಾರ್ಡೇ ಇದೆ. ಅವಳು ಬರೆಯಬೇಕಾದದ್ದು ಭಂಡಾರದ ಮಹಿಮೆಯನ್ನಲ್ಲ. ನಮ್ಮ ಊರಿನ ಅರಿವು ಕೇಂದ್ರದ ಬಾಗಿಲು ತೆರೆದಿರುವ ಹೊತ್ತಿನಲ್ಲಿ ನಾವು ಶಾಲೆಯಲ್ಲಿರುತ್ತೇವೆ, ನಾವು ಬಿಡುವಾಗುವ ಹೊತ್ತಿಗೆ ಬೀಗ ಬಿದ್ದಿರುತ್ತದೆ, ಆದ್ದರಿಂದ ಸಂಜೆ ಒಂದು ಗಂಟೆ ಹೆಚ್ಚಿಗೆ ತೆರೆದಿಡಿ ಅಂತ ಪಂಚಾಯಿತಿ ಅಧ್ಯಕ್ಷರಿಗೆ ಬರೆಯಬೇಕು. ಇದು ಉಪನಯ. ಇದನ್ನು ಬರೆಯಬೇಕಾದರೆ ಅವಳು ಅಲ್ಲಿಗೆ ಹೋಗಿ ಬಾಗಿಲ ಮೇಲಿನ ಬೋರ್ಡು ಓದಬೇಕು, ಗ್ರಂಥಪಾಲಕರನ್ನು ಮಾತಾಡಿಸಬೇಕು. ಆಗ ಗ್ರಂಥಪಾಲಕರು, ನಾನು ಒಬ್ಬನೇ ಇರುವುದಮ್ಮ, ಸಂಜೆ ಕೊನೇ ಬಸ್ ತಪ್ಪಿದರೆ ನಾನು ಮನೆಗೆ ಹೋಗುವುದು ಹೇಗೆ ಅಂತ ಕೇಳುತ್ತಾರೆ. ಈಗ ನೋಡಿ, ಪ್ರಬಂಧ ನಿಜವಾಗಿ ಕಷ್ಟವಾಯಿತು. ಕಷ್ಟವಾದದ್ದರಿಂದಲೇ ಓದುವ ಹಾಗೂ ಆಗುತ್ತದೆ.

ಎದುರಿನವರ ಮಾತು ಅಂದೆನಲ್ಲ, ಅದನ್ನು ಕಲಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕರಾವಳಿಯಲ್ಲಿ, ನಮ್ಮ ಮಲೆನಾಡಿನ ಕಡೆಯಲ್ಲಿ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ತಾಳಮದ್ದಳೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಪದ್ಯ ಮಾತ್ರ ಬರೆದದ್ದು, ಮಾತು ಆ ಗಳಿಗೆಯಲ್ಲಿ ಹುಟ್ಟಬೇಕು. ‘ವಾಲಿವಧೆ’ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಏನು ವೈರ? ಇನ್ನೊಬ್ಬನ ಜೊತೆ ಕಾದಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಹೆಂಡತಿಯನ್ನು ಹುಡುಕಿಸುವುದೇ ನಿನ್ನ ಕೆಲಸವಾಗಿದ್ದರೆ ಆ ಸುಗ್ರೀವನಿಗಿಂತ ನಾನು ಸಮರ್ಥನಾಗಿರಲಿಲ್ಲವೇ? ಇವು ಹಗುರವಾದ ಪ್ರಶ್ನೆಗಳಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು ಅಂತ ಹಳಬರು ಇವತ್ತಿಗೂ ಹೇಳುತ್ತಾರೆ. ರಾಮನಾದವನು ‘ನಾನು ದೇವರು’ ಅಂತ ಜಾರಿಕೊಳ್ಳುವ ಹಾಗಿಲ್ಲ. ತಮ್ಮ ಬದುಕಿರುವಾಗ ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಕೊಡುವುದು ಅರಸುತನದ ಕರ್ತವ್ಯ ಅನ್ನುವುದರಿಂದ ಹಿಡಿದು ವಾಲಿಯ ಒಂದೊಂದು ಮಾತಿಗೂ ಅವನು ಉತ್ತರ ಕೊಡಬೇಕು. ವಾಲಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಮೊದಲೇ ಮನೆಯಲ್ಲಿ ಕಟ್ಟಿಕೊಂಡು ಬಂದ ಅರ್ಥ ಹೇಳಿದರೆ ಸಭೆಗೆ ತಕ್ಷಣ ತಿಳಿಯುತ್ತದೆ. ಇವತ್ತು ರಾಮನಾದವನು ಇನ್ನೊಂದು ಊರಿನಲ್ಲಿ ವಾಲಿಯಾಗಿ ಕೂರುವುದೂ ಉಂಟು. ಎರಡೂ ಕಡೆಯ ಮಾತು ಬಾಯಲ್ಲಿ ಇಲ್ಲದವನು ಒಂದು ಕಡೆಯನ್ನೂ ಗಟ್ಟಿಯಾಗಿ ಹೇಳಲಾರ.

ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿಯೂ ಇದೇ. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಮಂಡಿಸಿ, ಆಮೇಲೆ ತನ್ನದನ್ನು ಹೇಳುವುದು. ತರಗತಿಯಲ್ಲಿ ಇದನ್ನು ಹೀಗೆ ಮಾಡಿಸಬಹುದು. ಶಾಲೆಗೆ ಮೊಬೈಲ್ ತರಬಹುದೇ, ತರಬಾರದೇ ಅಂತ ಒಂದು ವಿಷಯ ಕೊಡಿ. ಇದರಲ್ಲಿ ಮಕ್ಕಳಿಗೆ ನಿಜವಾದ ಎರಡು ಅಭಿಪ್ರಾಯ ಇರುತ್ತವೆ, ಪೇರೆಂಟ್ಸ್‌ಗಂತೂ ಹತ್ತು. ಬರೆದಾದ ಮೇಲೆ ಹಾಳೆಯನ್ನು ಪಕ್ಕದವರೊಂದಿಗೆ ಬದಲಾಯಿಸಿಕೊಳ್ಳಲಿ. ಪಕ್ಕದವನ ವಾದದಲ್ಲಿ ಅತ್ಯಂತ ಗಟ್ಟಿಯಾದ ಅಂಶ ಯಾವುದೋ ಅದನ್ನು ತನ್ನ ಮಾತಿನಲ್ಲಿ ಬರೆದು ಅವನಿಗೆ ತೋರಿಸಲಿ. ‘ಹೌದು, ನಾನು ಹೇಳಿದ್ದು ಇದನ್ನೇ’ ಅಂತ ಅವನು ಒಪ್ಪಿದ ಮೇಲಷ್ಟೇ ಉತ್ತರ ಬರೆಯಲು ಅವಕಾಶ. ನಾನು ಮಾಡಿಸಿದಾಗಲೆಲ್ಲ ಈ ಒಪ್ಪಿಗೆಯ ಘಟ್ಟದಲ್ಲಿಯೇ ಅರ್ಧ ಜಗಳ ನಡೆಯುತ್ತಿತ್ತು. ನಾನು ಹಾಗೆ ಹೇಳಿಲ್ಲ, ನೀನು ತಿರುಚಿದ್ದೀಯ, ಇನ್ನೊಮ್ಮೆ ಬರಿ. ಒಂದು ವಾಕ್ಯವನ್ನು ಮೂರು ಮೂರು ಸಲ ತಿದ್ದಿ ಬರೆಯುವ ಮಕ್ಕಳನ್ನು ನಾನು ವ್ಯಾಕರಣದ ತರಗತಿಯಲ್ಲಿ ಎಂದೂ ಕಂಡಿಲ್ಲ.

ಇನ್ನು ಕೇಳುವುದು ಎಷ್ಟು ಅನ್ನುವ ವಿಚಾರ. ಮಕ್ಕಳು ಸಾಮಾನ್ಯವಾಗಿ ದೊಡ್ಡದನ್ನೇ ಕೇಳುತ್ತಾರೆ. ನಮ್ಮ ಶಾಲೆಗೆ ಬೆಳಗಿನ ಬಸ್ಸು ಬರುತ್ತಿದ್ದುದು ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಪ್ರಾರ್ಥನೆ ಒಂಬತ್ತೂವರೆಗೆ. ನಮ್ಮ ಭಾಗದ ಡಿಪೊ ವ್ಯವಸ್ಥಾಪಕರಿಗೆ ಬರೆಯಿರಿ ಅಂದಾಗ ಇಡೀ ತರಗತಿ ಒಂದೇ ಮಾತು ಬರೆಯಿತು, ನಮ್ಮ ಊರಿಗೆ ಹೆಚ್ಚುವರಿ ಬಸ್ ಬಿಡಬೇಕು. ಆ ವ್ಯವಸ್ಥಾಪಕರ ಮೇಜಿನ ಮೇಲೆ ಅಂಥ ಅರ್ಜಿಗಳ ರಾಶಿಯೇ ಇರುತ್ತದೆ. ಬಸ್ ಇಲ್ಲ, ಡ್ರೈವರ್ ಇಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ನೀವೇ ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ನಾವೂ ಇಲ್ಲ ಅಂತಿದ್ದೆವು ಅಂದರು. ಕೊನೆಗೆ ಒಬ್ಬ ಹುಡುಗ ದಿನಾ ಬರುವ ಕಂಡಕ್ಟರನ್ನೇ ವಿಚಾರಿಸಿದ. ಆ ಬಸ್ಸು ತಾಲ್ಲೂಕು ಸ್ಟ್ಯಾಂಡಿನಲ್ಲಿ ಹೊರಡುವ ಮೊದಲು ಅರ್ಧ ಗಂಟೆಗೆ ಹತ್ತಿರ ಸುಮ್ಮನೆ ನಿಂತಿರುತ್ತದೆ, ಟೈಂಟೇಬಲ್ಲೇ ಹಾಗಿದೆ ಅಂತ ಗೊತ್ತಾಯಿತು. ಅಲ್ಲಿಂದ ಪತ್ರದ ದಾರಿಯೇ ಬದಲಾಯಿತು. ಹೊಸ ಬಸ್ ಬೇಡ, ಇರುವ ಬಸ್ಸನ್ನೇ ಇಪ್ಪತ್ತೈದು ನಿಮಿಷ ಮುಂಚೆ ಬಿಡಿ. ಹಾಜರಿ ಪುಸ್ತಕ ನೋಡಿ ಒಂದು ತಿಂಗಳಲ್ಲಿ ತಡವಾಗಿ ಬಂದವರ ಲೆಕ್ಕ ತೆಗೆದರು. ಮೊದಲ ಪೀರಿಯಡ್ ಯಾವ ವಿಷಯದ್ದು ತಪ್ಪುತ್ತಿದೆ ಅಂತ ಬರೆದರು. ಅದು ಗಣಿತ. ‘ಹಾಗಾದರೆ ಬೇಡ ಬಿಡಿ ಸಾರ್, ಅರ್ಜಿ ಕೊಡುವುದು ಬೇಡ’ ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

ಕನ್ನಡದ ಮಕ್ಕಳಿಗೆ ಈ ಜಾಣ್ಮೆ ಹೊಸದೇನಲ್ಲ. ಗೋವಿನ ಹಾಡಿನ ಪುಣ್ಯಕೋಟಿಯನ್ನು ನೆನಪಿಸಿಕೊಳ್ಳಿ. ಅವಳನ್ನು ನಾವು ಸತ್ಯಕ್ಕೆ ಉದಾಹರಣೆಯಾಗಿ ಮಾತ್ರ ಕಲಿಸುತ್ತೇವೆ. ಅವಳ ಮಾತುಗಾರಿಕೆಯನ್ನೂ ಗಮನಿಸಬೇಕು ಅಂತ ನನ್ನ ಒಂದು ತಕರಾರು. ಹುಲಿಯ ಹಸಿವು ಸುಳ್ಳು ಅಂತ ಅವಳು ವಾದಿಸುವುದಿಲ್ಲ. ನನ್ನನ್ನು ಬಿಟ್ಟುಬಿಡು ಅಂತಲೂ ಕೇಳುವುದಿಲ್ಲ. ಕರುವಿಗೆ ಹಾಲು ಕೊಟ್ಟು ಬರುವಷ್ಟು ಹೊತ್ತು ಮಾತ್ರ ಕೇಳುತ್ತಾಳೆ. ನಂಬುವುದಿಲ್ಲ ಅಂತ ಹುಲಿ ಅಂದಾಗ ತನ್ನ ಮಾತಿಗೆ ಆಧಾರ ಏನು ಅಂತ ಹೇಳುತ್ತಾಳೆ. ಕೊನೆಗೆ ಹುಲಿಯ ಮನಸ್ಸು ಕರಗಿದ್ದು ಮಾತಿನಿಂದಲ್ಲ, ಅವಳು ವಾಪಸ್ ಬಂದದ್ದರಿಂದ. ಆ ಪ್ರವಾಸದ ಹುಡುಗಿ ಸೋಮವಾರ ಸಂಜೆ ಅಡಿಕೆ ಸುಲಿಯಲು ಕೂತಳೇ ಇಲ್ಲವೇ ಅನ್ನುವುದರ ಮೇಲೆ ಅವಳ ಮುಂದಿನ ವರ್ಷದ ಪತ್ರದ ತೂಕ ನಿಂತಿರುತ್ತದೆ.

ಮಕ್ಕಳ ಪತ್ರಗಳ ಚರಿತ್ರೆಯಲ್ಲಿ ಅಮೆರಿಕದ ಒಂದು ಪತ್ರ ಹೆಸರಾದದ್ದು. 1860ರ ಅಕ್ಟೋಬರ್ 15. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಅನ್ನುವ ಊರಿನ ಗ್ರೇಸ್ ಬೆಡೆಲ್ ಅನ್ನುವ 11 ವರ್ಷದ ಹುಡುಗಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಅಬ್ರಹಾಂ ಲಿಂಕನ್‌ಗೆ ಬರೆಯುತ್ತಾಳೆ, ನೀವು ಗಡ್ಡ ಬಿಡಬೇಕು ಅಂತ. ಬರೀ ಸಲಹೆಯಲ್ಲ, ಪೂರ್ತಿ ಲೆಕ್ಕಾಚಾರ. ನಿಮ್ಮ ಮುಖ ತೀರಾ ಸಣ್ಣ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ. ಹೆಂಗಸರಿಗೆ ಗಡ್ಡ ಇಷ್ಟ, ಅವರು ಗಂಡಂದಿರ ಬೆನ್ನು ಹತ್ತಿ ನಿಮಗೆ ಓಟು ಹಾಕಿಸುತ್ತಾರೆ. ನನಗೆ ನಾಲ್ಕು ಜನ ಅಣ್ಣತಮ್ಮಂದಿರು, ಅವರಲ್ಲಿ ಕೆಲವರು ಹೇಗೂ ನಿಮಗೇ ಹಾಕುತ್ತಾರೆ, ನೀವು ಗಡ್ಡ ಬಿಟ್ಟರೆ ಉಳಿದವರನ್ನು ನಾನು ಒಪ್ಪಿಸುತ್ತೇನೆ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಿಮ್ಮ ಮಗಳ ಕೈಯಲ್ಲಾದರೂ ಉತ್ತರ ಬರೆಸಿ. ಆ ದೇಶದಲ್ಲಿ ಆಗ ಹೆಂಗಸರಿಗೆ ಮತದಾನದ ಹಕ್ಕು ಇರಲಿಲ್ಲ. ಓಟಿಲ್ಲದ ಒಬ್ಬ ಹುಡುಗಿ, ಓಟು ಬೇಕಾಗಿದ್ದ ಒಬ್ಬ ಮನುಷ್ಯನಿಗೆ, ತನ್ನ ಕೈಯಲ್ಲಿ ಎಷ್ಟು ಓಟು ತಿರುಗಿಸಲು ಸಾಧ್ಯವೋ ಅಷ್ಟನ್ನು ಎಣಿಸಿ ಮುಂದಿಟ್ಟಳು. ಲಿಂಕನ್ ನಾಲ್ಕೇ ದಿನಕ್ಕೆ, ಅಕ್ಟೋಬರ್ 19ಕ್ಕೆ, ಉತ್ತರ ಬರೆದ. ನನಗೆ ಹೆಣ್ಣುಮಕ್ಕಳಿಲ್ಲ, ಮೂವರು ಗಂಡುಮಕ್ಕಳು. ಇಷ್ಟು ವರ್ಷ ಇಲ್ಲದ ಗಡ್ಡವನ್ನು ಈಗ ಬಿಟ್ಟರೆ ಜನ ಹುಡುಗಾಟ ಅಂದಾರೇನೋ ಅಂತ ಅನುಮಾನಿಸಿದ. ಮಾತು ಕೊಡಲಿಲ್ಲ. ಆದರೆ 1861ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ರೈಲಿನಲ್ಲಿ ಹೋಗುತ್ತಾ ವೆಸ್ಟ್‌ಫೀಲ್ಡಿನಲ್ಲಿ ಇಳಿದು ಆ ಹುಡುಗಿಯನ್ನು ಕರೆಸಿ ಮಾತಾಡಿಸಿದಾಗ ಅವನ ಮುಖದ ಮೇಲೆ ಗಡ್ಡ ಇತ್ತು.

ನನಗೆ ಇದರಲ್ಲಿ ಗಡ್ಡಕ್ಕಿಂತ ಹೆಚ್ಚು ಇಷ್ಟವಾಗುವುದು ಆ ನಾಲ್ಕು ದಿನ. ದೊಡ್ಡವರು ಉತ್ತರ ಕೊಡದಿದ್ದರೆ ಮಕ್ಕಳಿಗೆ ಮನವೊಲಿಸುವುದನ್ನು ಕಲಿಸುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿಸಿದ ಹಾಗೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 1989ರಲ್ಲಿ ಬಂತು, ಭಾರತ 1992ರಲ್ಲಿ ಒಪ್ಪಿತು. ಅದರ 12ನೇ ವಿಧಿ ಮಕ್ಕಳಿಗೆ ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ, ಆ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕು ಅಂತಲೂ ಹೇಳುತ್ತದೆ. ನಮ್ಮಲ್ಲಿ ಇದು ಬರೀ ಕಾಗದದ ಮಾತಾಗಿ ಉಳಿದಿಲ್ಲ. ದುಡಿಯುವ ಮಕ್ಕಳೇ ಸೇರಿ ಕಟ್ಟಿಕೊಂಡ ‘ಭೀಮ ಸಂಘ’ 1990ರಷ್ಟು ಹಳೆಯದು. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ಈಗ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವೇ ಇದೆ. ನಾನು ನೋಡಿದ ಕೆಲವು ಸಭೆಗಳಲ್ಲಿ ಮಕ್ಕಳು ಟೀಚರ್ ಬರೆದುಕೊಟ್ಟ ಚೀಟಿ ಓದಿದರು, ದೊಡ್ಡವರು ‘ನೋಡೋಣ, ಮಾಡೋಣ’ ಅಂದರು, ಬಿಸ್ಕತ್ತು ಹಂಚಿದರು. ಒಂದು ಸಭೆಯಲ್ಲಿ ಮಾತ್ರ ಏಳನೇ ಕ್ಲಾಸಿನ ಒಬ್ಬಳು, ಹೋದ ವರ್ಷದ ನಡಾವಳಿ ಪುಸ್ತಕದಲ್ಲಿ ನಮ್ಮ ಶೌಚಾಲಯದ ನಲ್ಲಿಯ ಬಗ್ಗೆ ಏನು ಬರೆದಿದೆ, ದಯವಿಟ್ಟು ಓದಿ ಅಂತ ಕೇಳಿದಳು. ಪಿಡಿಒ ಸಾಹೇಬರು ಪುಸ್ತಕ ತರಿಸಬೇಕಾಯಿತು.

ಇದನ್ನೆಲ್ಲ ಕಲಿಸಿದರೆ ಮಕ್ಕಳು ಎದುರುತ್ತರ ಕೊಡುವವರಾಗುತ್ತಾರೆ ಅನ್ನುವ ಭಯ ಕೆಲವರಿಗಿದೆ. ಆಗುತ್ತಾರೆ. ಒಂದಷ್ಟು ದಿನ ಮನೆಯಲ್ಲಿ ಎಲ್ಲದಕ್ಕೂ ‘ಯಾಕೆ, ಕಾರಣ ಹೇಳಿ’ ಅನ್ನುತ್ತಾರೆ, ತಡೆದುಕೊಳ್ಳಬೇಕು. ಇನ್ನೊಂದು ಭಯ ಇದಕ್ಕಿಂತ ಗಂಭೀರವಾದದ್ದು, ಮಾತು ಬಲ್ಲವರು ಸುಳ್ಳನ್ನೂ ಒಪ್ಪಿಸಿಬಿಡುತ್ತಾರೆ ಅನ್ನುವುದು. ನಮ್ಮ ನೈಯಾಯಿಕರಿಗೂ ಈ ಭಯ ಇತ್ತು. ಅದಕ್ಕೇ ಅವರು ನಿಜ ತಿಳಿಯಲು ನಡೆಸುವ ವಾದವನ್ನು, ಗೆಲ್ಲುವುದೊಂದೇ ಗುರಿಯಾದ ಜಲ್ಪವನ್ನು, ತನ್ನದೇನನ್ನೂ ಹೇಳದೆ ಇನ್ನೊಬ್ಬರದನ್ನು ಕೆಡವುವ ವಿತಂಡವನ್ನು ಬೇರೆ ಬೇರೆ ಮಾಡಿ ಇಟ್ಟರು. ಮಕ್ಕಳ ಕೈಗೆ ಒಂದು ಜಾಹೀರಾತನ್ನೋ ವಾಟ್ಸಾಪಿನಲ್ಲಿ ಬಂದ ಫಾರ್ವರ್ಡನ್ನೋ ಕೊಟ್ಟು, ಇದರಲ್ಲಿ ಹೇತು ಎಲ್ಲಿದೆ ಹುಡುಕಿ ಅನ್ನಿ. ಹುಡುಕಿ ಹುಡುಕಿ ಸಿಗದೆ ವಾಪಸ್ ಕೊಡುತ್ತಾರೆ. ಹಾಗೆ ಒಂದೆರಡು ಸಲ ವಾಪಸ್ ಕೊಟ್ಟ ಮಗು ಬೇಗ ಮರುಳಾಗುವುದಿಲ್ಲ.

ಈಗಂತೂ ಮೊಬೈಲಿಗೆ ಹೇಳಿದರೆ ಪತ್ರವನ್ನು ಅದೇ ಬರೆದುಕೊಡುತ್ತದಲ್ಲ ಅನ್ನುತ್ತಾರೆ. ಕೊಡುತ್ತದೆ, ಒಂದು ತಪ್ಪಿಲ್ಲದೆ. ಆದರೆ ಕೊನೆ ಕೊಯ್ಯುವವನು ಯಾವ ವಾರ ಬರುತ್ತಾನೆ ಅಂತ ಅದಕ್ಕೆ ಗೊತ್ತಿರುವುದಿಲ್ಲ, ಅಜ್ಜಿಯನ್ನೇ ಕೇಳಬೇಕು.

ಶಿಕ್ಷಕ ಮಿತ್ರರಿಗೆ ಒಂದು ಮಾತು, ತಿದ್ದುವುದರ ಬಗ್ಗೆ. ಇಂಥ ಪತ್ರ ಕೈಗೆ ಬಂದಾಗ ನಮ್ಮ ಕೆಂಪು ಪೆನ್ನು ಮೊದಲು ಓಡುವುದು ಅಕಾರ ಹಕಾರಕ್ಕೆ, ಅಲ್ಪಪ್ರಾಣ ಮಹಾಪ್ರಾಣಕ್ಕೆ. ಹಾಳೆ ತುಂಬಾ ಸುತ್ತು ಹಾಕಿ ಕೊಟ್ಟರೆ ಮಗುವಿಗೆ ತಿಳಿಯುವುದು ಒಂದೇ, ಮೇಷ್ಟ್ರು ನಾನು ಕೇಳಿದ್ದನ್ನು ಓದಲೇ ಇಲ್ಲ. ಮೊದಲ ಓದಿನಲ್ಲಿ ನೀವು ಅಪ್ಪನಾಗಿ, ಡಿಪೊ ವ್ಯವಸ್ಥಾಪಕರಾಗಿ ಓದಿ. ಅಂಚಿನಲ್ಲಿ ಅವರು ಕೇಳುವ ಒಂದೇ ಒಂದು ಪ್ರಶ್ನೆ ಬರೆಯಿರಿ. ‘ಇಪ್ಪತ್ತೈದು ನಿಮಿಷ ಮುಂಚೆ ಬಿಟ್ಟರೆ ಮೇಲಿನ ಊರಿನಿಂದ ಆಸ್ಪತ್ರೆಗೆ ಬರುವ ವಯಸ್ಸಾದವರಿಗೆ ಬಸ್ ತಪ್ಪುವುದಿಲ್ಲವೇ?’ ಮಗು ಅದಕ್ಕೆ ಉತ್ತರ ಹುಡುಕಿಕೊಂಡು ಬರಲಿ. ಕಾಗುಣಿತ ಎರಡನೇ ಓದಿಗೆ ಇರಲಿ, ಬಿಡುವುದು ಬೇಡ. ಊರಿನ ಮರ್ಯಾದೆ ಹೊತ್ತು ಹೋಗುವ ಕಾಗದ ಅದು, ಆ ಹೊತ್ತಿಗೆ ಮಕ್ಕಳೇ ಬಂದು ‘ಸಾರ್, ವ್ಯವಸ್ಥಾಪಕ ಬರೆಯುವುದು ಹೇಗೆ’ ಅಂತ ಕೇಳುತ್ತಾರೆ.

ಬಸ್ಸಿನ ಪತ್ರ ಏನಾಯಿತು ಅಂತ ನೀವು ಕೇಳಬಹುದು. ಮುಖ್ಯೋಪಾಧ್ಯಾಯರ ಸಹಿ, ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಹಾಕಿಸಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ವಾರಗಟ್ಟಲೆ ಉತ್ತರ ಇಲ್ಲ. ಈಗೇನು ಮಾಡುವುದು ಸಾರ್ ಅಂದರು. ಮೊದಲ ಪತ್ರದ ನಕಲು ಇಟ್ಟುಕೊಂಡಿದ್ದೀರಾ ಅಂತ ಕೇಳಿದೆ. ಇಟ್ಟುಕೊಂಡಿದ್ದರು. ಹಾಗಾದರೆ ಎರಡನೇ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಅಂತ ಇನ್ನೊಂದು ಸಾಲು ಬರುತ್ತದೆ, ಅಲ್ಲಿ ಮೊದಲ ಪತ್ರದ ದಿನಾಂಕ ಹಾಕಿ ಅಂದೆ. ಕೆಳಗಡೆ ‘ಪ್ರತಿ’ ಅಂತ ಬರೆದು ಮೇಲಧಿಕಾರಿಗಳಿಗೂ ಒಂದು ಕಳಿಸುವ ಪದ್ಧತಿ ಇದೆ ಅಂತಲೂ ಹೇಳಿದೆ. ಆ ‘ಪ್ರತಿ’ಯನ್ನು ಈಗಲೇ ಹಾಕಿದರೆ ಡಿಪೊದವರಿಗೆ ಸಿಟ್ಟು ಬರುತ್ತದೆ, ಮೂರನೇ ಪತ್ರಕ್ಕೆ ಇಟ್ಟುಕೊಳ್ಳೋಣ ಅಂತ ಅರ್ಧ ತರಗತಿ. ಇಲ್ಲ, ಈಗಲೇ ಹಾಕದಿದ್ದರೆ ಇದನ್ನೂ ಓದುವುದಿಲ್ಲ ಅಂತ ಇನ್ನರ್ಧ. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ. ಗಣಿತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತು, ಒಂದಷ್ಟು ಹೊತ್ತು ಎರಡೂ ಕಡೆಯ ಮಾತು ಕೇಳಿ, ‘ಪ್ರತಿ ಈಗಲೇ ಹಾಕಿ’ ಅಂದರು.